ಅರವತ್ತು ದಾಟಿದ ಹೃದಯ: ಅಯಾನ್ ಚಾನೆಲ್‌ಗಳು ಸವೆಯುತ್ತವೆಯೇ, ಮೀಸಲು ಕರಗುತ್ತದೆಯೇ?

ಪ್ರಶ್ನೆ: ಡಾಕ್ಟರೇ, ನನಗೆ 64 ವರ್ಷ. ಶಿಕ್ಷಕಿಯಾಗಿ ನಿವೃತ್ತಳಾದವಳು. ಬಿಪಿಗೆ ಹಲವು ವರ್ಷಗಳಿಂದ ಕ್ಲೋರ್ಥಾಲಿಡೋನ್ ಮಾತ್ರೆ ನುಂಗುತ್ತಿದ್ದೇನೆ. ಹೊಟ್ಟೆಯುರಿಗೆ ದಿನವೂ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ಮತ್ತು ಡಾಂಪೆರಿಡೋನ್ ಸೇರಿದ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತೇನೆ. ಮೊದಲೆಲ್ಲ ಸಿಟ್ಟು ಬಂದಾಗ, ಗಾಬರಿಯಾದಾಗ ಎದೆ ಹೊಡೆದುಕೊಂಡರೂ ಸ್ವಲ್ಪ ಹೊತ್ತಿಗೆ ತಣ್ಣಗಾಗುತ್ತಿತ್ತು. ಈಗ ಅರ್ಧ ಗಂಟೆಯಾದರೂ ಢವಗುಟ್ಟುವುದು ನಿಲ್ಲುವುದಿಲ್ಲ. ನಡುವೆ ಒಂದು ಬಡಿತ ತಪ್ಪಿದಂತಾಗಿ ಮುಂದಿನದು ಗುದ್ದಿದಂತೆ ಬರುತ್ತದೆ. ಕಳೆದ ತಿಂಗಳು ಕೆಮ್ಮಿಗೆ ಅಜಿತ್ರೊಮೈಸಿನ್ ತೆಗೆದುಕೊಂಡ ದಿನಗಳಲ್ಲಿ ಇದು ಹೆಚ್ಚಾಗಿತ್ತು. ಸುಮ್ಮನೆ ಕುಳಿತಾಗ ಕೈಗಡಿಯಾರ 72 ತೋರಿಸುತ್ತದೆ, ಮೆಟ್ಟಿಲು ಹತ್ತಿದರೂ 128 ದಾಟುವುದಿಲ್ಲ. ಎಕೋ ಸರಿಯಿದೆ. ಇಸಿಜಿಯಲ್ಲಿ ಬಡಿತ 92, ಕ್ಯುಟಿ 373, ಕ್ಯುಟಿಸಿ 462 ಎಂದಿದೆ. ‘ವಯಸ್ಸಿಗೆ ಸರಿಯಾಗಿದೆ’ ಎಂದು ಕಳುಹಿಸಿದರು. ವಯಸ್ಸಾದಂತೆ ಹೃದಯಕೋಶಗಳ ಅಯಾನ್ ಚಾನೆಲ್‌ಗಳು ಸವೆದು, ಒತ್ತಡ ತಾಳುವ ಶಕ್ತಿ ಹೋಗುತ್ತದೆ ಎಂದು ಓದಿದ ಮೇಲೆ ನಿದ್ದೆ ಬರುತ್ತಿಲ್ಲ. ಹೃದಯಕ್ಕೆ ಜೀವಮಾನದಲ್ಲಿ ಇಷ್ಟೇ ಬಡಿತ ಎಂಬ ಲೆಕ್ಕವಿದೆಯೇ? ನಡಿಗೆ ಕಡಿಮೆ ಮಾಡಲೇ? ಗೆಳತಿ ಪೊಟ್ಯಾಸಿಯಂ, ಮೆಗ್ನೀಷಿಯಂ ಮಾತ್ರೆ ತೆಗೆದುಕೋ ಎನ್ನುತ್ತಾಳೆ. ತೆಗೆದುಕೊಳ್ಳಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಹೆಣೆದುಕೊಂಡಿವೆ. ವಯಸ್ಸು ನಿಮ್ಮ ಹೃದಯಕೋಶಗಳನ್ನು ಒಳಗೊಳಗೇ ಹಾಳು ಮಾಡುತ್ತಿದೆಯೇ ಎಂಬುದು ಒಂದು, ಈಗ ಕಾಣುತ್ತಿರುವ ತೊಂದರೆ ಅದರದ್ದೇ ಗುರುತೇ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಅರ್ಧ ಸತ್ಯವಿದೆ. ಎರಡನೆಯದಕ್ಕೆ ಉತ್ತರ ಹುಡುಕುವಾಗ ನನ್ನ ಕಣ್ಣು ನಿಮ್ಮ ವಯಸ್ಸಿಗಿಂತ ಮೊದಲು ನಿಮ್ಮ ಮಾತ್ರೆಗಳ ಮೇಲೆ ಬಿತ್ತು. ಕಾರಣ ಹೇಳುತ್ತೇನೆ.

‘ಚಾನೆಲ್‌ಗಳು ಸವೆಯುತ್ತವೆ’ ಎಂಬ ಮಾತನ್ನು ಮೊದಲು ತಿದ್ದಿಕೊಳ್ಳೋಣ. ಅಯಾನ್ ಚಾನೆಲ್ ಎಂದರೆ ಹೃದಯಕೋಶದ ಪೊರೆಯಲ್ಲಿ ಹುದುಗಿರುವ, ನಡುವೆ ಅತಿ ಸೂಕ್ಷ್ಮ ರಂಧ್ರವಿರುವ ಒಂದು ಪ್ರೋಟೀನು. ಸೋಡಿಯಂ, ಕ್ಯಾಲ್ಸಿಯಂ ಒಳಗೆ ಬರುವುದು, ಪೊಟ್ಯಾಸಿಯಂ ಹೊರಗೆ ಹೋಗುವುದು ಇವುಗಳ ಮೂಲಕ. ಒಂದು ಚಾನೆಲ್ ತೆರೆದು ಮುಚ್ಚುವುದನ್ನು 1976ರಲ್ಲಿ ಎರ್ವಿನ್ ನೆಹರ್ ಮತ್ತು ಬರ್ಟ್ ಸಾಕ್ಮನ್ ಅಳೆದು ತೋರಿಸಿದರು. 1991ರಲ್ಲಿ ಅವರಿಗೆ ನೊಬೆಲ್ ಬಂತು. ನಿಮ್ಮ ಹೃದಯದ ಸ್ನಾಯುಕೋಶಗಳು ಹಳೆಯವೇ, ಅದು ನಿಜ. 2009ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣ ಸೇರಿದ ಕಾರ್ಬನ್-14ರ ಜಾಡು ಹಿಡಿದು ಲೆಕ್ಕ ಹಾಕಿದಾಗ, 25ರ ವಯಸ್ಸಿನಲ್ಲಿ ವರ್ಷಕ್ಕೆ ಶೇಕಡಾ 1ರಷ್ಟು, 75ರಲ್ಲಿ ಶೇಕಡಾ 0.45ರಷ್ಟು ಮಾತ್ರ ಈ ಕೋಶಗಳು ಹೊಸದಾಗುತ್ತವೆ ಎಂದು ತಿಳಿಯಿತು. ಆದರೆ ಆ ಹಳೆಯ ಕೋಶದ ಪೊರೆಯಲ್ಲಿರುವ ಚಾನೆಲ್‌ಗಳು ಹಳೆಯವಲ್ಲ. ಅವುಗಳ ಆಯುಸ್ಸು ಗಂಟೆಗಳಲ್ಲಿ, ಹೆಚ್ಚೆಂದರೆ ದಿನಗಳಲ್ಲಿ. ಕೋಶ ಅವುಗಳನ್ನು ಒಡೆದು ಹಾಕುತ್ತಲೇ ಇರುತ್ತದೆ, ಹೊಸದಾಗಿ ಕಟ್ಟುತ್ತಲೇ ಇರುತ್ತದೆ. ಇಂದು ನಿಮ್ಮ ಹೃದಯ ಬಡಿಸುತ್ತಿರುವ ಚಾನೆಲ್‌ಗಳಲ್ಲಿ ಹೆಚ್ಚಿನವು ಕಳೆದ ತಿಂಗಳು ಇರಲೇ ಇಲ್ಲ.

ಹಾಗಾದರೆ ವಯಸ್ಸಿನೊಂದಿಗೆ ಬದಲಾಗುವುದೇನು? ಕೋಶ ಯಾವ ಚಾನೆಲ್ಲನ್ನು ಎಷ್ಟು ಕಟ್ಟುತ್ತದೆ, ಎಲ್ಲಿ ಕೂರಿಸುತ್ತದೆ, ಅವುಗಳ ಸುತ್ತಲಿನ ರಾಸಾಯನಿಕ ಪರಿಸರ ಹೇಗಿದೆ ಎಂಬುದು. ಇವುಗಳಲ್ಲಿ ಕೆಲವನ್ನು ಬದಲಿಸಲು ಬರುವುದಿಲ್ಲ. ಕೆಲವನ್ನು ಖಂಡಿತ ಬದಲಿಸಬಹುದು.

ಹೃದಯದ ಮೇಲ್ಭಾಗದಲ್ಲಿ, ಬಲ ಹೃತ್ಕರ್ಣದ ಗೋಡೆಯಲ್ಲಿ, ಬಡಿತ ಹುಟ್ಟಿಸುವ ಪೇಸ್‌ಮೇಕರ್ ಕೋಶಗಳಿವೆ. ಪ್ರಾಣಿಗಳಲ್ಲಿ ನಡೆದ ಅಧ್ಯಯನಗಳ ಪ್ರಕಾರ, ವಯಸ್ಸಾದಂತೆ ಇಲ್ಲಿನ ಕೆಲವು ಕ್ಯಾಲ್ಸಿಯಂ ಚಾನೆಲ್‌ಗಳೂ, ಬಡಿತಕ್ಕೆ ಚಾಲನೆ ಕೊಡುವ ಎಚ್‌ಸಿಎನ್ ಎಂಬ ಚಾನೆಲ್‌ಗಳೂ ಕಡಿಮೆಯಾಗುತ್ತವೆ, ಕೋಶಗಳ ನಡುವೆ ನಾರಿನ ಅಂಶ ಹೆಚ್ಚುತ್ತದೆ. ಮನುಷ್ಯರಲ್ಲಿ ಇದರ ಪರಿಣಾಮವನ್ನು 1970ರಲ್ಲೇ ಅಳೆದಿದ್ದಾರೆ. ನರಗಳ ಪ್ರಭಾವವನ್ನು ಔಷಧಿಯಿಂದ ತಡೆದು, ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ಎಷ್ಟು ಬಡಿಯುತ್ತದೆ ಎಂದು ನೋಡಿದರು. ಸಿಕ್ಕ ಸೂತ್ರ ಇದು: 118.1ರಿಂದ ವಯಸ್ಸಿನ 0.57 ಪಟ್ಟನ್ನು ಕಳೆಯಿರಿ. ಇಪ್ಪತ್ತರ ಹೃದಯ ತಾನೇ ತಾನಾಗಿ ನಿಮಿಷಕ್ಕೆ ಸುಮಾರು 107 ಬಡಿಯುತ್ತದೆ, ನಿಮ್ಮ ವಯಸ್ಸಿನದು ಸುಮಾರು 82. ಆದರೂ ಸುಮ್ಮನೆ ಕುಳಿತಾಗ ಇಬ್ಬರ ನಾಡಿಯೂ ಎಪ್ಪತ್ತರ ಆಸುಪಾಸಿನಲ್ಲೇ ಇರುತ್ತದೆ. ಬಡಿತಕ್ಕೆ ಲಗಾಮು ಹಾಕುವ ವೇಗಸ್ ನರದ ಹಿಡಿತವೂ ವಯಸ್ಸಿನೊಂದಿಗೆ ಸಡಿಲವಾಗುವುದರಿಂದ ಹೀಗಾಗುತ್ತದೆ. ಹೊರಗಿನಿಂದ ಏನೂ ಬದಲಾಗಿಲ್ಲ ಎನಿಸುತ್ತದೆ. ಒಳಗಿನ ಲೆಕ್ಕ ಮಾತ್ರ ಬೇರೆಯಾಗಿದೆ. ಆದ್ದರಿಂದಲೇ ವಯಸ್ಸಿನ ಬದಲಾವಣೆ ವಿಶ್ರಾಂತಿಯಲ್ಲಿ ಕಾಣುವುದಿಲ್ಲ, ಒತ್ತಡ ಬಿದ್ದಾಗ ಕಾಣುತ್ತದೆ.

ಈಗ ನಿಮ್ಮ ಸಿಟ್ಟಿನ ಗಳಿಗೆಗೆ ಬರೋಣ. ಅಡ್ರಿನಲಿನ್, ನಾರ್‌ಅಡ್ರಿನಲಿನ್ ಹೃದಯಕೋಶದ ಬೀಟಾ ಗ್ರಾಹಕಗಳನ್ನು ಮುಟ್ಟಿದೊಡನೆ ಎಳೆಯ ಹೃದಯದಲ್ಲಿ ಮೂರು ಕೆಲಸಗಳು ಒಟ್ಟಿಗೆ ಆಗುತ್ತವೆ. ಕ್ಯಾಲ್ಸಿಯಂ ಹೆಚ್ಚು ಒಳಬಂದು ಬಡಿತ ಬಲವಾಗುತ್ತದೆ. ಪೊಟ್ಯಾಸಿಯಂ ಚಾನೆಲ್‌ಗಳು ಚುರುಕಾಗಿ, ಒಂದು ಬಡಿತದ ವಿದ್ಯುತ್ ಬೇಗ ಇಳಿದು ಮುಂದಿನದಕ್ಕೆ ಜಾಗವಾಗುತ್ತದೆ. ಒಳಬಂದ ಕ್ಯಾಲ್ಸಿಯಂ ಅನ್ನು ಕೋಶದೊಳಗಿನ ಪಂಪು ಬೇಗನೆ ಉಗ್ರಾಣಕ್ಕೆ ತುಂಬಿಸಿ, ಹೃದಯ ಸಡಿಲಗೊಳ್ಳುತ್ತದೆ. ವಯಸ್ಸಾದ ಹೃದಯದಲ್ಲಿ ಬೀಟಾ ಗ್ರಾಹಕಗಳ ಸ್ಪಂದನೆ ಮಂದವಾಗಿರುತ್ತದೆ. ಅದನ್ನು ಸರಿದೂಗಿಸುವುದಕ್ಕೋ ಎಂಬಂತೆ ರಕ್ತದಲ್ಲಿ ನಾರ್‌ಅಡ್ರಿನಲಿನ್ ಹೆಚ್ಚು ಏರುತ್ತದೆ, ಇಳಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಕ್ಯಾಲ್ಸಿಯಂ ತುಂಬುವ ಪಂಪು ನಿಧಾನವಾಗುತ್ತದೆ. ಲಗಾಮು ಹಾಕಬೇಕಾದ ವೇಗಸ್ ನರ ತಡವಾಗಿ ಎಚ್ಚರಗೊಳ್ಳುತ್ತದೆ. ಏರುವ ಎತ್ತರ ಕಡಿಮೆ, ಇಳಿಯುವ ದಾರಿ ಉದ್ದ. ನೀವು ಬರೆದಿರುವುದು ಇದನ್ನೇ, ಅದೂ ಬಹಳ ನಿಖರವಾಗಿ.

ತಪ್ಪುವ ಬಡಿತದ ಬಗ್ಗೆ ಒಂದು ವಿವರ. ಅದು ನಿಜವಾಗಿ ತಪ್ಪುವುದಿಲ್ಲ, ಅವಸರದಲ್ಲಿ ಮೊದಲೇ ಬಂದುಬಿಡುತ್ತದೆ. ಹೃದಯ ತುಂಬುವ ಮೊದಲೇ ಬಂದದ್ದರಿಂದ ನಿಮ್ಮ ಅರಿವಿಗೆ ಬರುವುದಿಲ್ಲ. ಅದರ ನಂತರ ಒಂದು ಚಿಕ್ಕ ವಿರಾಮ. ಆ ವಿರಾಮದಲ್ಲಿ ಹೃದಯ ಎಂದಿಗಿಂತ ಹೆಚ್ಚು ತುಂಬಿಕೊಳ್ಳುತ್ತದೆ, ಮುಂದಿನ ಬಡಿತ ಗುದ್ದಿದಂತೆ ಬರುತ್ತದೆ. ಅವಸರದ ಬಡಿತ ಹುಟ್ಟುವುದು ಹಲವು ಸಲ ಕೋಶದೊಳಗಿನ ಕ್ಯಾಲ್ಸಿಯಂ ಉಗ್ರಾಣದಿಂದ. ಉಗ್ರಾಣದ ಬಾಯಲ್ಲಿರುವ ರಯನೊಡಿನ್ ಗ್ರಾಹಕ ಎಂಬ ಚಾನೆಲ್, ವಯಸ್ಸಿನೊಂದಿಗೆ ಹೆಚ್ಚುವ ಆಕ್ಸಿಡೀಕರಣದಿಂದ ಸೋರತೊಡಗುತ್ತದೆ. ಸೋರಿದ ಕ್ಯಾಲ್ಸಿಯಂ ಹೊರಹಾಕುವಾಗ ಕೋಶ ಬದಲಿಗೆ ಸೋಡಿಯಂ ಒಳಗೆ ತೆಗೆದುಕೊಳ್ಳುತ್ತದೆ. ಆ ಚಿಕ್ಕ ವಿದ್ಯುತ್ತೇ ಒಂದು ಬಡಿತವನ್ನು ಕಿಡಿ ಹೊತ್ತಿಸಲು ಸಾಕಾಗಬಹುದು. ಎಕೋ ಸರಿಯಿದ್ದು, ಇಂಥ ಬಡಿತಗಳು ಆಗೊಮ್ಮೆ ಈಗೊಮ್ಮೆ ಬಂದರೆ ಅಪಾಯ ಕಡಿಮೆ. ನನ್ನ ಬಳಿ ಬರುವ ಹಿರಿಯರಲ್ಲಿ ಇದು ತೀರಾ ಸಾಮಾನ್ಯ ದೂರು.

ಇನ್ನು ನಿಮ್ಮ ಪತ್ರದ ಮುಖ್ಯ ಭಾಗ. ಬಡಿತದ ವಿದ್ಯುತ್ ಇಳಿಸುವ ಕೆಲಸವನ್ನು ಹೃದಯಕೋಶ ಒಂದೇ ಚಾನೆಲ್ಲಿಗೆ ಒಪ್ಪಿಸಿಲ್ಲ. ಹಲವು ಬಗೆಯ ಪೊಟ್ಯಾಸಿಯಂ ಚಾನೆಲ್‌ಗಳು ಆ ಭಾರ ಹಂಚಿಕೊಂಡಿವೆ. ಒಂದು ದುರ್ಬಲವಾದರೆ ಮತ್ತೊಂದು ಹೊರುತ್ತದೆ. ಈ ಮೀಸಲು ಇಡುಗಂಟಿನ ಹಾಗೆ: ತುಂಬಿರುವಾಗ ಚಿಕ್ಕಪುಟ್ಟ ಖರ್ಚು ಗೊತ್ತೇ ಆಗುವುದಿಲ್ಲ. ವಯಸ್ಸು ಅದರಲ್ಲಿ ಸ್ವಲ್ಪ ತೆಗೆದುಕೊಳ್ಳುತ್ತದೆ. ಒಂದು ಬಡಿತದ ವಿದ್ಯುತ್ ಏರಿ ಮತ್ತೆ ಇಳಿಯಲು ಹಿಡಿಯುವ ಹೊತ್ತನ್ನು ಇಸಿಜಿಯಲ್ಲಿ ಕ್ಯುಟಿ ಅಂತರ ಎನ್ನುತ್ತಾರೆ. ಹೆಂಗಸರಲ್ಲಿ ಹರೆಯದಿಂದಲೇ ಅದು ಗಂಡಸರಿಗಿಂತ ಉದ್ದ. ಔಷಧಿಯಿಂದ ಕ್ಯುಟಿ ಉದ್ದವಾಗಿ ಅಪಾಯಕಾರಿ ಲಯದೋಷಕ್ಕೆ ಗುರಿಯಾಗುವವರಲ್ಲಿ ಸುಮಾರು ಮೂರರಲ್ಲಿ ಎರಡರಷ್ಟು ಜನ ಹೆಂಗಸರು. ಇದಿಷ್ಟು ವಯಸ್ಸಿನ, ದೇಹದ ಲೆಕ್ಕ. ಇದರಿಂದಷ್ಟೇ ಯಾರಿಗೂ ಅನಾಹುತವಾಗುವುದಿಲ್ಲ. ಇದರ ಮೇಲೆ ಇನ್ನೇನೇನು ಪೇರಿಸಿದ್ದೇವೆ ಎಂಬುದೇ ಪ್ರಶ್ನೆ.

ನಿಮ್ಮ ವಿಷಯದಲ್ಲಿ ಪೇರಿಸಿರುವುದನ್ನು ನೋಡಿ. ಕ್ಲೋರ್ಥಾಲಿಡೋನ್ ಒಳ್ಳೆಯ ಬಿಪಿ ಮಾತ್ರೆ, ಆದರೆ ಮೂತ್ರದ ಜೊತೆ ಪೊಟ್ಯಾಸಿಯಂ ಮತ್ತು ಮೆಗ್ನೀಷಿಯಂ ಎರಡನ್ನೂ ಹೊರಹಾಕುತ್ತದೆ. ಪ್ಯಾಂಟೊಪ್ರಜೋಲ್ ಬಗೆಯ ಮಾತ್ರೆಗಳನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಕೆಲವರಲ್ಲಿ ಮೆಗ್ನೀಷಿಯಂ ಇಳಿಯುತ್ತದೆ. ಈ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು 2011ರಲ್ಲೇ ಎಚ್ಚರಿಸಿದ್ದಾರೆ. ಮೆಗ್ನೀಷಿಯಂ ಇಳಿದರೆ ಪೊಟ್ಯಾಸಿಯಂ ಎಷ್ಟು ಕೊಟ್ಟರೂ ದೇಹದಲ್ಲಿ ನಿಲ್ಲುವುದಿಲ್ಲ. ಡಾಂಪೆರಿಡೋನ್ ಹೃದಯದ ಹರ್ಗ್ ಎಂಬ ಪೊಟ್ಯಾಸಿಯಂ ಚಾನೆಲ್ಲನ್ನು ನೇರವಾಗಿ ತಡೆಯುತ್ತದೆ. 2014ರಲ್ಲಿ ಯುರೋಪಿನ ನಿಯಂತ್ರಕರು ಇದನ್ನು ಸಾಮಾನ್ಯವಾಗಿ ಒಂದು ವಾರಕ್ಕಿಂತ ಹೆಚ್ಚು ಕೊಡಬಾರದೆಂದರು. ಅಪಾಯ ಹೆಚ್ಚು ಎಂದು ಅವರು ಹೇಳಿದವರಲ್ಲಿ 60 ದಾಟಿದವರೂ ಸೇರಿದ್ದಾರೆ. ಇವೆಲ್ಲದರ ಮೇಲೆ ಕಳೆದ ತಿಂಗಳು ಅಜಿತ್ರೊಮೈಸಿನ್ ಬಂತು. ಅದೂ ಕ್ಯುಟಿ ಉದ್ದ ಮಾಡುವ ಪಟ್ಟಿಯಲ್ಲಿರುವ ಔಷಧಿ. ಒಂದೊಂದನ್ನೂ ಬೇರೆ ಬೇರೆ ನೋಡಿದರೆ ಯಾವುದೂ ದೊಡ್ಡ ತಪ್ಪಲ್ಲ. ಬೇರೆ ಬೇರೆ ಸಂದರ್ಭದಲ್ಲಿ ಬರೆದುಕೊಟ್ಟದ್ದು ಒಂದೇ ಹೃದಯದ ಮೇಲೆ ಬಿದ್ದಾಗ ಮೀಸಲು ಕರಗುತ್ತದೆ. ಹಿರಿಯರ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ಪೇರಿಕೆಯೇ. ಇದನ್ನು ಒಟ್ಟಿಗೆ ಕುಳಿತು ನೋಡುವವರು ಇಲ್ಲವಾಗುತ್ತಾರೆ.

ಇಲ್ಲಿ ತರ್ಕಕ್ಕೆ ಉಲ್ಟಾ ಹೊಡೆಯುವ ಒಂದು ಸಂಗತಿಯಿದೆ. ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾದರೆ, ಕೋಶದಿಂದ ಅದು ಹೊರಹೋಗುವುದು ಸುಲಭವಾಗಬೇಕು, ಕ್ಯುಟಿ ಚಿಕ್ಕದಾಗಬೇಕು ಎನಿಸುತ್ತದೆ ಅಲ್ಲವೇ? ಆದರೆ ಹರ್ಗ್ ಚಾನೆಲ್ ಚೆನ್ನಾಗಿ ಕೆಲಸ ಮಾಡಲು ಕೋಶದ ಹೊರಗೆ ಸಾಕಷ್ಟು ಪೊಟ್ಯಾಸಿಯಂ ಇರಲೇಬೇಕು. ಅದು ಇಳಿದರೆ ಚಾನೆಲ್ ಮಂಕಾಗುತ್ತದೆ, ಔಷಧಿಗಳ ತಡೆಯೂ ಬಿಗಿಯಾಗುತ್ತದೆ. ಹೀಗಾಗಿ ಬಿಪಿ ಮಾತ್ರೆ ಮತ್ತು ಹೊಟ್ಟೆಯ ಕ್ಯಾಪ್ಸೂಲ್ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಂಡರೂ ಒಂದೇ ಚಾನೆಲ್ಲಿನ ಮೇಲೆ ಎರಡು ಕಡೆಯಿಂದ ಭಾರ ಹಾಕುತ್ತವೆ.

ಇಷ್ಟು ಓದಿ ಕ್ಯುಟಿಸಿ 462 ನೋಡಿ ಗಾಬರಿಯಾಗಬೇಡಿ. ಆ ಅಂಕಿಯನ್ನೇ ಸ್ವಲ್ಪ ಬಿಡಿಸಿ ನೋಡೋಣ. ಬಡಿತ ವೇಗವಾದಷ್ಟೂ ಕ್ಯುಟಿ ತಾನಾಗಿಯೇ ಚಿಕ್ಕದಾಗುತ್ತದೆ, ಆದ್ದರಿಂದ ಅದನ್ನು ಬಡಿತಕ್ಕೆ ತಕ್ಕಂತೆ ತಿದ್ದುತ್ತಾರೆ, ಹಾಗೆ ತಿದ್ದಿದ ಅಂಕಿಯೇ ಕ್ಯುಟಿಸಿ. ಇಸಿಜಿ ಯಂತ್ರಗಳು ಹೆಚ್ಚಾಗಿ ಬಳಸುವುದು ಬ್ಯಾಜೆಟ್ ಸೂತ್ರವನ್ನು. 1920ರ ಈ ಸೂತ್ರ ಬಡಿತ ವೇಗವಾಗಿದ್ದಾಗ ಅಂಕಿಯನ್ನು ಉಬ್ಬಿಸುತ್ತದೆ. ನಿಮ್ಮ ಮಾಮೂಲಿ ನಾಡಿ 72, ಆದರೆ ಇಸಿಜಿ ತೆಗೆಯುವಾಗ 92 ಇತ್ತು. ಬಹುಶಃ ಆತಂಕದಿಂದ. ಅದೇ ವರ್ಷದ ಫ್ರಿಡೆರಿಷಿಯಾ ಸೂತ್ರದಲ್ಲಿ ನಿಮ್ಮ 373 ಮಿಲಿಸೆಕೆಂಡನ್ನು ಹಾಕಿ ನೋಡಿದೆ: ಕ್ಯುಟಿಸಿ ಸುಮಾರು 430 ಬರುತ್ತದೆ. ಹೆಂಗಸರಲ್ಲಿ 460ರ ಒಳಗಿದ್ದರೆ ನಾವು ಚಿಂತಿಸುವುದಿಲ್ಲ. ನಿಜವಾದ ಅಪಾಯದ ಗಂಟೆ ಬಾರಿಸುವುದು 500 ದಾಟಿದಾಗ. ಹಾಗಾಗಿ ‘ವಯಸ್ಸಿಗೆ ಸರಿಯಾಗಿದೆ’ ಎಂದವರ ತೀರ್ಮಾನ ತಪ್ಪಲ್ಲ. ಒಂದೇ ಕೊರತೆ ಎಂದರೆ ಆ ಇಸಿಜಿ ಅಜಿತ್ರೊಮೈಸಿನ್ ತೆಗೆದುಕೊಳ್ಳುತ್ತಿದ್ದ ದಿನಗಳದ್ದೋ, ಅನಂತರದ್ದೋ ಎಂಬುದು ಪತ್ರದಲ್ಲಿಲ್ಲ. ಅದನ್ನು ನಿಮ್ಮ ವೈದ್ಯರಿಗೆ ಹೇಳಿ.

ಮಾಡಬೇಕಾದ್ದೇನು? ಮೊದಲು ರಕ್ತದಲ್ಲಿ ಪೊಟ್ಯಾಸಿಯಂ, ಮೆಗ್ನೀಷಿಯಂ, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ಅಳೆಯುವ ಅಂಕಿ) ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ನೀವು ನುಂಗುವ ಎಲ್ಲ ಮಾತ್ರೆಗಳನ್ನೂ, ಎಂದೋ ಒಮ್ಮೆ ನುಂಗುವವನ್ನೂ ಸೇರಿಸಿ, ಒಂದೇ ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿ ಹೋಗಿ. ಡಾಂಪೆರಿಡೋನ್ ಇಲ್ಲದ ಹೊಟ್ಟೆಯ ಮಾತ್ರೆ ಸಾಕೇ ಎಂದು ನೇರವಾಗಿ ಕೇಳಿ. ಬಹುತೇಕ ಜನರಿಗೆ ಸಾಕಾಗುತ್ತದೆ. ಪ್ಯಾಂಟೊಪ್ರಜೋಲ್ ಅನ್ನು ಒಮ್ಮೆಲೇ ಬಿಟ್ಟರೆ ಆಮ್ಲ ಮೊದಲಿಗಿಂತ ಜೋರಾಗಿ ಮರುಕಳಿಸಬಹುದು, ಇಳಿಸುವುದಾದರೆ ಹಂತಹಂತವಾಗಿ ಇಳಿಸಬೇಕು. ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೇಬೇಡಿ. ಹೃದಯದ ಗೋಡೆ ದಪ್ಪವಾಗಿ ಬಿಗಿಯುವುದಕ್ಕೆ, ಹೃತ್ಕರ್ಣ ಹಿಗ್ಗುವುದಕ್ಕೆ ಹತೋಟಿಯಿಲ್ಲದ ಬಿಪಿಯಷ್ಟು ದೊಡ್ಡ ಕಾರಣ ಇನ್ನೊಂದಿಲ್ಲ.

ಗೆಳತಿಯ ಸಲಹೆಯ ಹಿಂದಿನ ಕಾಳಜಿ ದೊಡ್ಡದು. ಆದರೂ ಪರೀಕ್ಷೆಯಿಲ್ಲದೆ ಪೊಟ್ಯಾಸಿಯಂ ಮಾತ್ರೆ ಬೇಡ. ವಯಸ್ಸಾದಂತೆ ಮೂತ್ರಪಿಂಡದ ಸೋಸುವ ಶಕ್ತಿ ಇಳಿಯುತ್ತದೆ. ಮಾಂಸಖಂಡ ಕಡಿಮೆಯಾಗಿರುವುದರಿಂದ ಕ್ರಿಯಾಟಿನಿನ್ ಅಂಕಿ ಅದನ್ನು ಮುಚ್ಚಿಡುತ್ತದೆ. ನಾಳೆ ನಿಮ್ಮ ಬಿಪಿ ಮಾತ್ರೆಯನ್ನು ಟೆಲ್ಮಿಸಾರ್ಟನ್‌ನಂಥ ಗುಂಪಿಗೆ ಬದಲಿಸಿದರೆ ಪೊಟ್ಯಾಸಿಯಂ ದೇಹದಲ್ಲೇ ಉಳಿಯತೊಡಗುತ್ತದೆ. ಆಗ ಪೊಟ್ಯಾಸಿಯಂ ಮಾತ್ರೆಯನ್ನೂ ಮುಂದುವರಿಸಿದರೆ ಅದು ಅಪಾಯದ ಮಟ್ಟಕ್ಕೇರಿ ಹೃದಯವನ್ನೇ ನಿಲ್ಲಿಸಬಹುದು. ಸಾಮಾನ್ಯ ಮಟ್ಟ 3.5ರಿಂದ 5.0. ನಿಮ್ಮಂಥವರಲ್ಲಿ ನಾನು 4ರ ಮೇಲಿರಲಿ ಎಂದು ಬಯಸುತ್ತೇನೆ. ಕೊರತೆ ಕಂಡರೆ ವೈದ್ಯರೇ ಪ್ರಮಾಣ ಗೊತ್ತುಮಾಡಿ ಕೊಡುತ್ತಾರೆ. ಇದೇ ಉಸಿರಿನಲ್ಲಿ ಮೀನೆಣ್ಣೆಯ ಕ್ಯಾಪ್ಸೂಲ್ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಸಲಹೆ ಅದೇ ಇರುತ್ತದೆ: ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ಹೃತ್ಕರ್ಣದ ಕಂಪನ (ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವುದು) ಹೆಚ್ಚಾದದ್ದು ದೊಡ್ಡ ಅಧ್ಯಯನಗಳಲ್ಲಿ ಕಂಡುಬಂದಿದೆ.

‘ಚಾನೆಲ್ ಸರಿಪಡಿಸುವ ಔಷಧಿ ಇಲ್ಲವೇ’ ಎಂದು ಹಲವರು ಕೇಳುತ್ತಾರೆ. ಚಾನೆಲ್ ತಡೆಯುವ ಔಷಧಿಗಳಿವೆ. ಅವುಗಳಿಂದ ಕಲಿತ ಪಾಠ ಕಹಿಯಾದದ್ದು. ಹೃದಯಾಘಾತವಾದವರಲ್ಲಿ ಅವಸರದ ಬಡಿತಗಳನ್ನು ಅಡಗಿಸಲು ಫ್ಲೆಕೈನೈಡ್, ಎನ್‌ಕೈನೈಡ್ ಎಂಬ ಸೋಡಿಯಂ ಚಾನೆಲ್ ತಡೆಯುವ ಔಷಧಿಗಳನ್ನು ಕೊಟ್ಟು ನೋಡಿದ ‘ಕಾಸ್ಟ್’ ಪ್ರಯೋಗದ ಫಲಿತಾಂಶ 1989ರಲ್ಲಿ ಬಂತು. ಬಡಿತಗಳು ಅಡಗಿದವು, ಸಾವುಗಳು ಹೆಚ್ಚಾದವು. ಅಂದಿನಿಂದ, ಬಡಿತ ತಪ್ಪುವುದು ಕಂಡಿತೆಂಬ ಮಾತ್ರಕ್ಕೆ ನಾವು ಇಂಥ ಔಷಧಿಗೆ ಕೈಹಾಕುವುದಿಲ್ಲ. ಕಿರಿಕಿರಿ ತೀರಾ ಹೆಚ್ಚಾದರೆ ಸಣ್ಣ ಪ್ರಮಾಣದ ಬೀಟಾ ಬ್ಲಾಕರ್, ಅಂದರೆ ಬೀಟಾ ಗ್ರಾಹಕಗಳನ್ನು ತಡೆಯುವ ಮಾತ್ರೆ, ಸಹಾಯ ಮಾಡಬಹುದು. ಆದರೆ ಅದು ಬಡಿತ ಏರುವ ಎತ್ತರವನ್ನು ಮತ್ತಷ್ಟು ಇಳಿಸುತ್ತದೆ. ಮೆಟ್ಟಿಲಲ್ಲಿ ಬೇಗ ಆಯಾಸವಾಗುವವರಿಗೆ ಅದು ಒಳ್ಳೆಯ ವಿನಿಮಯವಲ್ಲ.

128ರ ಬಗ್ಗೆ: ನಿಮ್ಮ ವಯಸ್ಸಿಗೆ ಗರಿಷ್ಠ ಬಡಿತದ ಅಂದಾಜು 208ರಿಂದ ವಯಸ್ಸಿನ 0.7 ಪಟ್ಟು ಕಳೆದರೆ ಸುಮಾರು 163. ಮೆಟ್ಟಿಲು ಹತ್ತುವುದು ಗರಿಷ್ಠ ಶ್ರಮವಲ್ಲ, ಕೈಗಡಿಯಾರದ ಬೆಳಕಿನ ಸಂವೇದಕ ಚಲನೆಯಲ್ಲಿ ತಪ್ಪುವುದೂ ಉಂಟು. ಉಬ್ಬಸವೋ ವಿಪರೀತ ಸುಸ್ತೋ ಇದ್ದರೆ ಮಾತ್ರ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ. ಪೂರ್ಣ ಶ್ರಮಪಟ್ಟರೂ ನಿಮ್ಮ ಬಡಿತ 145ರ ಹತ್ತಿರಕ್ಕೂ ಏರದಿದ್ದರೆ ಪೇಸ್‌ಮೇಕರ್ ಕೋಶಗಳ ಕಡೆ ನೋಡಬೇಕಾಗುತ್ತದೆ.

ನಡಿಗೆ ನಿಲ್ಲಿಸಬೇಡಿ. ಜೀವಮಾನಕ್ಕೆ ಇಷ್ಟೇ ಬಡಿತ ಎಂಬ ಕೋಟಾ ಇಲ್ಲ. ಇದೆ ಎಂದೇ ಇಟ್ಟುಕೊಂಡರೂ ಲೆಕ್ಕ ನಡೆಯುವವರ ಪರವಾಗಿಯೇ ಬರುತ್ತದೆ. ಅರ್ಧ ಗಂಟೆ ಬಿರುಸಾಗಿ ನಡೆದರೆ ಹೆಚ್ಚುವರಿಯಾಗಿ ಸುಮಾರು 1,500 ಬಡಿತ ಖರ್ಚು. ಅಭ್ಯಾಸದಿಂದ ವಿಶ್ರಾಂತಿಯ ನಾಡಿ ನಿಮಿಷಕ್ಕೆ 5 ಇಳಿದರೆ ದಿನಕ್ಕೆ 7,200 ಉಳಿತಾಯ. 1966ರಲ್ಲಿ ಡಲ್ಲಾಸ್‌ನಲ್ಲಿ ಇಪ್ಪತ್ತರ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿದ್ದರು. ಮೂವತ್ತು ವರ್ಷಗಳ ನಂತರ ಅವರನ್ನೇ ಮತ್ತೆ ಅಳೆದಾಗ, ಮೂರು ದಶಕಗಳ ವಯಸ್ಸು ಅವರ ದೇಹಶಕ್ತಿಯಿಂದ ಕಸಿದುಕೊಂಡದ್ದಕ್ಕಿಂತ ಆ ಮೂರು ವಾರಗಳ ಹಾಸಿಗೆ ಕಸಿದದ್ದೇ ಹೆಚ್ಚಾಗಿತ್ತು. ಕೋಶದ ಮಟ್ಟದಲ್ಲೂ ಆಧಾರವಿದೆ. ಆಮ್ಲಜನಕ ಕೊರತೆಯಾದಾಗ ತೆರೆದುಕೊಂಡು ಕೋಶವನ್ನು ಕಾಯುವ ಒಂದು ಪೊಟ್ಯಾಸಿಯಂ ಚಾನೆಲ್ಲನ್ನು 1983ರಲ್ಲಿ ಅಕಿನೊರಿ ನೋಮಾ ಗುರುತಿಸಿದರು. ವಯಸ್ಸಾದ ಪ್ರಾಣಿಗಳಲ್ಲಿ ಈ ರಕ್ಷಣೆ ತಗ್ಗುತ್ತದೆ, ವ್ಯಾಯಾಮ ಮಾಡಿಸಿದಾಗ ಒಂದಿಷ್ಟು ಮರಳುತ್ತದೆ. ವ್ಯಾಯಾಮದಿಂದ ಗರಿಷ್ಠ ಬಡಿತ ಏರುವುದಿಲ್ಲ, ಅದನ್ನು ನಿರೀಕ್ಷಿಸಬೇಡಿ. ಪ್ರತಿ ಬಡಿತದಲ್ಲಿ ಹೊರಹೋಗುವ ರಕ್ತ ಹೆಚ್ಚುತ್ತದೆ, ಒತ್ತಡದ ನಂತರ ನಾಡಿ ಬೇಗ ಇಳಿಯುತ್ತದೆ. ನಿಮಗೆ ಬೇಕಾಗಿರುವುದು ಅದೇ. ಬಿಸಿಲು ಹೆಚ್ಚಿದ್ದಾಗ, ವಾಂತಿ ಭೇದಿಯಾದಾಗ ಮಾತ್ರ ನಡಿಗೆಗೆ ಬಿಡುವು ಕೊಟ್ಟು, ಬಿಪಿ ಮಾತ್ರೆಯ ಬಗ್ಗೆ ವೈದ್ಯರಿಗೆ ಫೋನ್ ಮಾಡಿ. ಪೊಟ್ಯಾಸಿಯಂ ದಿಢೀರನೆ ಕುಸಿಯುವುದು ಅಂಥ ದಿನಗಳಲ್ಲೇ.

ಈ ಕೆಳಗಿನವು ಕಂಡರೆ ಮಾತ್ರ ಕಾಯಬೇಡಿ: ಪ್ರಜ್ಞೆ ತಪ್ಪುವುದು ಅಥವಾ ತಪ್ಪುವಂತಾಗುವುದು, ಢವಗುಟ್ಟುವಿಕೆಯ ಜೊತೆ ಎದೆನೋವು ಅಥವಾ ಉಸಿರುಕಟ್ಟುವುದು. ತಕ್ಷಣ ಆಸ್ಪತ್ರೆಗೆ ಹೋಗಿ. ನಾಡಿ ಗೊತ್ತುಗುರಿಯಿಲ್ಲದೆ ಏರುಪೇರಾಗಿ ಕೆಲವು ನಿಮಿಷ ಹಾಗೇ ನಿಂತರೆ ಅದೇ ದಿನ ಇಸಿಜಿ ಮಾಡಿಸಿ. ನಲವತ್ತು ದಾಟಿದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮುಂದೆ ಎಂದಾದರೂ ಹೃತ್ಕರ್ಣದ ಕಂಪನ ಬರುತ್ತದೆ, ಅದನ್ನು ಬೇಗ ಹಿಡಿದರೆ ಪಾರ್ಶ್ವವಾಯು ತಪ್ಪಿಸಬಹುದು. ರಕ್ತಸಂಬಂಧಿಗಳಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ.

ಮಾತ್ರೆಗಳನ್ನು ಬದಲಿಸಿದ ಎರಡು ವಾರಗಳ ನಂತರ ಇನ್ನೊಂದು ಇಸಿಜಿ ತೆಗೆಸಿ. ಆ ದಿನ ಹತ್ತು ನಿಮಿಷ ಮಲಗಿದ್ದು ನಾಡಿ ಎಪ್ಪತ್ತರ ಹತ್ತಿರ ಬಂದ ಮೇಲೆ ತೆಗೆಯಲು ಹೇಳಿ. ಜೊತೆಗೆ 24 ಗಂಟೆಯ ಹೋಲ್ಟರ್ ದಾಖಲೆಯನ್ನೂ (ಮೈಗೆ ಕಟ್ಟಿಕೊಳ್ಳುವ ಚಿಕ್ಕ ಯಂತ್ರದ ನಿರಂತರ ಇಸಿಜಿ) ಮಾಡಿಸಿದರೆ ತಪ್ಪುವ ಬಡಿತ ಎಷ್ಟು, ಎಲ್ಲಿಂದ ಬರುತ್ತಿದೆ ಎಂಬುದು ಗೊತ್ತಾಗುತ್ತದೆ. ಕ್ಯುಟಿಸಿ 460ರ ಒಳಗಿದ್ದು, ಪೊಟ್ಯಾಸಿಯಂ, ಮೆಗ್ನೀಷಿಯಂ ಸರಿಯಿದ್ದರೆ ಬೇರೆ ಔಷಧಿ ಬೇಡ. ಕ್ಯುಟಿಸಿ ಮೇಲೆಯೇ ಉಳಿದಿದ್ದರೆ ಹೃದಯದ ಲಯ ನೋಡುವ ತಜ್ಞರನ್ನು ಕಾಣಿ. ಮುಂದೆ ಯಾರೇ ಆ್ಯಂಟಿಬಯಾಟಿಕ್ ಬರೆದರೂ ‘ಇದು ಕ್ಯುಟಿ ಉದ್ದ ಮಾಡುವುದೇ’ ಎಂದು ಕೇಳಿ, ಈಗಿನ ಎರಡೂ ಇಸಿಜಿಗಳನ್ನು ತೋರಿಸಿ.